ಎಚ್ಚೆತ್ತ ರೋಗನಿರೋಧಕ ಕೋಶದ ಪೊರೆಯಲ್ಲಿ ಬದಲಾಗುವುದೇನು?

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಟಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿರಕ್ತಕೋಶ) ಸಕ್ರಿಯಗೊಂಡಾಗ ಅದರ ಪೊರೆಯ ಲಿಪಿಡ್‌ಗಳು, ಅಂದರೆ ಕೊಬ್ಬಿನಂಥ ಅಣುಗಳು, ಬದಲಾಗುತ್ತವೆ ಎಂದು ಓದಿದ್ದೇನೆ. ಆದರೆ ತರಗತಿಯಲ್ಲಿ ತೋರಿಸಿದ ಒಂದು ಪ್ರಯೋಗದಲ್ಲಿ, ಸಕ್ರಿಯಗೊಂಡು ಐದು ನಿಮಿಷ ಕಳೆದ ಕೋಶಗಳ ಒಟ್ಟು ಲಿಪಿಡ್‌ಗಳನ್ನು ಅಳೆದಾಗ ವಿಶ್ರಾಂತ ಕೋಶಗಳಿಗೂ ಅವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಬದಲಾಗುವುದು ಏನು? ಬೇರೆ ರೋಗನಿರೋಧಕ ಕೋಶಗಳಲ್ಲೂ ಹೀಗೆಯೇ? ನಾವು ತಿನ್ನುವ ಕೊಬ್ಬಿನಿಂದ ಇದರಲ್ಲಿ ಏನಾದರೂ ಹೆಚ್ಚುಕಡಿಮೆ ಆಗುತ್ತದೆಯೇ?

ಉತ್ತರ: ತರಗತಿಯಲ್ಲಿ ತೋರಿಸಿದ ಪ್ರಯೋಗವೂ ಸರಿ, ನೀವು ಓದಿದ್ದೂ ಸರಿ. ಎರಡರ ನಡುವೆ ವಿರೋಧವಿದ್ದಂತೆ ಕಾಣುವುದಕ್ಕೆ ಕಾರಣ ಅಳೆದ ರೀತಿ. ಮನೆಯೊಳಗಿನ ಸಾಮಾನುಗಳ ಜಾಗ ಬದಲಾಗಿದೆಯೇ ಎಂದು ತಿಳಿಯಲು ಇಡೀ ಮನೆಯನ್ನು ತಕ್ಕಡಿಗೆ ಹಾಕಿದರೆ ಎಂಥ ಉತ್ತರ ಸಿಕ್ಕೀತೋ, ಐದು ನಿಮಿಷದ ಟಿ ಕೋಶಗಳನ್ನು ಕರಗಿಸಿ ಅವುಗಳ ಲಿಪಿಡ್‌ಗಳನ್ನೆಲ್ಲ ಒಟ್ಟಿಗೆ ಅಳೆದರೂ ಅಂಥದೇ ಉತ್ತರ ಸಿಗುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಲಿಪಿಡ್‌ಗಳ ಒಟ್ಟು ಮೊತ್ತ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆಗ ಬದಲಾಗುವುದು ಅವು ಇರುವ ಜಾಗ, ಪೊರೆಯ ಒಳಮೈಯ ವಿದ್ಯುದಾವೇಶ, ಮತ್ತು ಅತ್ಯಲ್ಪ ಪ್ರಮಾಣದಲ್ಲಿರುವ ಒಂದೆರಡು ಲಿಪಿಡ್‌ಗಳ ರಾಸಾಯನಿಕ ರೂಪ. ಮೊತ್ತವೂ ಮುಂದೆ ಬದಲಾಗುತ್ತದೆ, ಆದರೆ ಅದಕ್ಕೆ ಗಂಟೆಗಳೇ ಬೇಕು, ಕೆಲವೊಮ್ಮೆ ದಿನಗಳು. ಸಾಲದ್ದಕ್ಕೆ, ಕೋಶವನ್ನು ಇಡಿಯಾಗಿ ಕರಗಿಸಿದಾಗ ಮೈಟೊಕಾಂಡ್ರಿಯ, ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್, ಕೋಶಕೇಂದ್ರದ ಹೊದಿಕೆ ಇವುಗಳ ಲಿಪಿಡ್‌ಗಳೂ ಹೊರಪೊರೆಯ ಲಿಪಿಡ್‌ಗಳ ಜೊತೆ ಬೆರೆತುಹೋಗುತ್ತವೆ. ಹೊರಪೊರೆಯ ಸಣ್ಣದೊಂದು ತುಣುಕಿನಲ್ಲಿ ನಡೆದ ಘಟನೆ ಆ ರಾಶಿಯಲ್ಲಿ ಮುಳುಗಿಹೋಗುವುದು ಸಹಜ.

ಮೊದಲು ವಿಶ್ರಾಂತ ಕೋಶದ ಪೊರೆ ಹೇಗಿರುತ್ತದೆ ಎಂಬುದನ್ನು ನೆನಪಿಗೆ ತಂದುಕೊಳ್ಳೋಣ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಅದು ಎರಡು ಪದರಗಳ ಲಿಪಿಡ್ ಹಾಳೆ ಎಂಬುದು 1925ರಷ್ಟು ಹಿಂದೆಯೇ ಗೋರ್ಟರ್ ಮತ್ತು ಗ್ರೆಂಡೆಲ್ ಅವರ ಕೆಲಸದಿಂದ ಗೊತ್ತಾಗಿತ್ತು. ಆ ಹಾಳೆ ದ್ರವದಂತೆ ಹರಿದಾಡುತ್ತದೆ, ಪ್ರೋಟೀನ್‌ಗಳು ಅದರಲ್ಲಿ ತೇಲುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಅದೇ ವರ್ಷ ಬ್ರೆಚರ್ ಇನ್ನೊಂದು ಮಾತು ಹೇಳಿದರು: ಎರಡು ಪದರಗಳ ಲಿಪಿಡ್‌ಗಳು ಒಂದೇ ಅಲ್ಲ. ಪಠ್ಯಪುಸ್ತಕದ ಚಿತ್ರಗಳಲ್ಲಿ ಮೊದಲಿನವರಿಬ್ಬರ ಮಾತಿಗೆ ಸಿಕ್ಕಷ್ಟು ಜಾಗ ಇದಕ್ಕೆ ಸಿಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಹೊರಡುವುದೇ ಅಲ್ಲಿಂದ. ಹೊರಪದರದಲ್ಲಿ ಫಾಸ್ಫಟಿಡಿಲ್‌ಕೋಲಿನ್ ಮತ್ತು ಸ್ಫಿಂಗೋಮೈಲಿನ್ ಹೆಚ್ಚು. ಒಳಪದರದಲ್ಲಿ ಫಾಸ್ಫಟಿಡಿಲ್‌ಎಥನಾಲಮೀನ್, ಫಾಸ್ಫಟಿಡಿಲ್‌ಸೆರಿನ್ ಮತ್ತು ಇನೊಸಿಟಾಲ್ ಹೊತ್ತ ಲಿಪಿಡ್‌ಗಳು ಹೆಚ್ಚು. ಇವುಗಳಲ್ಲಿ ಫಾಸ್ಫಟಿಡಿಲ್‌ಸೆರಿನ್ ಮತ್ತು ಇನೊಸಿಟಾಲ್ ಲಿಪಿಡ್‌ಗಳಿಗೆ ಋಣಾವೇಶವಿರುವುದರಿಂದ ಪೊರೆಯ ಒಳಮೈ ಸದಾ ಋಣಾವೇಶದಿಂದ ಕೂಡಿರುತ್ತದೆ. ಈ ಅಸಮತೆ ತಾನಾಗಿ ಉಳಿಯುವಂಥದ್ದಲ್ಲ. ಫ್ಲಿಪ್ಪೇಸ್ ಎಂಬ ಕಿಣ್ವಗಳು ಎಟಿಪಿಯನ್ನು ವ್ಯಯಿಸುತ್ತ, ಹೊರಗೆ ಜಾರಿದ ಫಾಸ್ಫಟಿಡಿಲ್‌ಸೆರಿನ್ ಅಣುಗಳನ್ನು ಮತ್ತೆ ಮತ್ತೆ ಒಳಕ್ಕೆ ತಿರುಗಿಸುತ್ತಿರುತ್ತವೆ. ಎರಡು ಪದರಗಳ ನಡುನಡುವೆ, ಹೊರಪೊರೆಯ ಲಿಪಿಡ್ ಅಣುಗಳಲ್ಲಿ ಮೂರನೆಯ ಒಂದು ಭಾಗದಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಇರುವ ಕೊಲೆಸ್ಟ್ರಾಲ್ ತುಂಬಿಕೊಂಡು ಹಾಳೆಗೆ ಬಿಗುವು ಕೊಡುತ್ತದೆ.

ಈಗ ಟಿ ಕೋಶದ ಗ್ರಾಹಿಗೆ, ಅಂದರೆ ಹೊರಗಿನ ಸಂಕೇತವನ್ನು ಹಿಡಿಯುವ ಪೊರೆಯ ಪ್ರೋಟೀನಿಗೆ, ತಕ್ಕ ಪ್ರತಿಜನಕ (ಅದು ಗುರುತಿಸಬಲ್ಲ ವಸ್ತುವಿನ ತುಣುಕು) ಸಿಕ್ಕಿತು ಎಂದುಕೊಳ್ಳಿ. ಲಿಪಿಡ್‌ಗಳಲ್ಲಿ ಮೊದಲು ಮುಟ್ಟಲ್ಪಡುವುದು ಪಿಪ್2 ಎಂದು ಚಿಕ್ಕದಾಗಿ ಕರೆಯುವ, ಇನೊಸಿಟಾಲ್ ಉಂಗುರದ ಮೇಲೆ ಎರಡು ಹೆಚ್ಚುವರಿ ಫಾಸ್ಫೇಟ್‌ಗಳಿರುವ ಲಿಪಿಡ್. ಒಳಪದರದ ಲಿಪಿಡ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡರಷ್ಟು ಮಾತ್ರ. ಎಲ್‌ಸಿಕೆ ಮತ್ತು ಜ್ಯಾಪ್-70 ಎಂಬ ಕೈನೇಸ್‌ಗಳು (ಫಾಸ್ಫೇಟ್ ಅಂಟಿಸುವ ಕಿಣ್ವಗಳು) ಒಂದರ ಹಿಂದೊಂದು ಕೆಲಸ ಮಾಡಿ ಎಲ್‌ಎಟಿ ಎಂಬ ಪ್ರೋಟೀನಿನ ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಗೆ ಬಂದು ಕೂರುವ ಫಾಸ್ಫೋಲೈಪೇಸ್ ಸಿ-ಗಾಮಾ1 ಎಂಬ ಕಿಣ್ವ ಪಿಪ್2 ಅಣುವನ್ನು ಎರಡಾಗಿ ಕತ್ತರಿಸುತ್ತದೆ. ತಲೆಯ ಭಾಗವಾದ ಐಪಿ3 ನೀರಿನಲ್ಲಿ ಕರಗಿ ಕೋಶದೊಳಕ್ಕೆ ಹೋಗುತ್ತದೆ, ಬಾಲದ ಭಾಗವಾದ ಡೈಅಸೈಲ್‌ಗ್ಲಿಸರಾಲ್ ಪೊರೆಯಲ್ಲೇ ಉಳಿಯುತ್ತದೆ. ಐಪಿ3 ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಕ್ಯಾಲ್ಸಿಯಂ ಸಂಗ್ರಹವನ್ನು ತೆರೆಯುತ್ತದೆ. ಸಂಗ್ರಹ ಬರಿದಾದುದನ್ನು ಸ್ಟಿಮ್1 ಎಂಬ ಪ್ರೋಟೀನ್ ಗುರುತಿಸಿ ಹೊರಪೊರೆಯ ಒರೈ1 ನಾಳವನ್ನು ತೆರೆಸುತ್ತದೆ. ಆಗ ಕೋಶದ್ರವದಲ್ಲಿ ಸುಮಾರು 100 ನ್ಯಾನೋಮೋಲಾರ್ ಇದ್ದ ಕ್ಯಾಲ್ಸಿಯಂ ಹತ್ತು ಪಟ್ಟಿನ ಆಸುಪಾಸಿಗೆ ಏರುತ್ತದೆ. ಒರೈ1 ಜೀನ್ ಕೆಟ್ಟಿರುವ ಮಕ್ಕಳಲ್ಲಿ ಟಿ ಕೋಶಗಳು ಎಣಿಕೆಗೆ ಇದ್ದೂ ಕೆಲಸಕ್ಕೆ ಬಾರದೆ ಹೋಗುತ್ತವೆ ಎಂಬುದು 2006ರಲ್ಲಿ ಸ್ಪಷ್ಟವಾಯಿತು.

ಒಟ್ಟು ಅಳತೆ ಏಕೆ ಕೈಕೊಡುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಪಿಪ್2 ಒಂದು ಕಡೆ ಕತ್ತರಿಸಲ್ಪಡುತ್ತಿದ್ದಂತೆ ಇನ್ನೊಂದು ಕಡೆ ಅದರ ಮೂಲವಾದ ಫಾಸ್ಫಟಿಡಿಲ್‌ಇನೊಸಿಟಾಲ್‌ನಿಂದ ಎರಡು ಹಂತಗಳಲ್ಲಿ ಮತ್ತೆ ತಯಾರಾಗುತ್ತಿರುತ್ತದೆ. ಬಾಲವಾಗಿ ಉಳಿದ ಡೈಅಸೈಲ್‌ಗ್ಲಿಸರಾಲ್ ಫಾಸ್ಫಟಿಡಿಕ್ ಆಮ್ಲವಾಗಿ ಬದಲಾಗಿ, ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ ಮರಳಿ, ಹೊಸ ಫಾಸ್ಫಟಿಡಿಲ್‌ಇನೊಸಿಟಾಲ್ ಆಗಿ ಪೊರೆಗೆ ಹಿಂದಿರುಗುತ್ತದೆ. ದಾಸ್ತಾನು ಕಡಿಮೆಯಾದಂತೆ ಕಾಣದಿದ್ದರೂ ಒಳಗೆ ಓಡಾಟ ಹಲವು ಪಟ್ಟು ಹೆಚ್ಚಿರುತ್ತದೆ. ಈ ವಿದ್ಯಮಾನ ಮೊದಲು ಕಣ್ಣಿಗೆ ಬಿದ್ದದ್ದೂ ಹೀಗೆಯೇ. 1953ರಲ್ಲಿ ಮೇಬಲ್ ಮತ್ತು ಲೊವೆಲ್ ಹೋಕಿನ್ ದಂಪತಿ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ಅಸಿಟೈಲ್‌ಕೋಲಿನ್ ಹಾಕಿದಾಗ ವಿಕಿರಣಶೀಲ ರಂಜಕ ಫಾಸ್ಫೋಲಿಪಿಡ್‌ಗಳಿಗೆ ಸೇರಿಕೊಳ್ಳುವ ವೇಗ ಹೆಚ್ಚಿದ್ದನ್ನು ಕಂಡರು. ಅವರು ಅಳೆದದ್ದು ಎಷ್ಟಿದೆ ಎಂಬುದನ್ನಲ್ಲ, ಎಷ್ಟು ಬೇಗ ಹೊಸದಾಗುತ್ತಿದೆ ಎಂಬುದನ್ನು. ಅದರ ಅರ್ಥ ಪೂರ್ತಿ ಬಿಡಿಸಿಕೊಳ್ಳಲು ಮೂವತ್ತು ವರ್ಷ ಬೇಕಾಯಿತು. ಐಪಿ3 ಕ್ಯಾಲ್ಸಿಯಂ ಸಂಗ್ರಹವನ್ನು ತೆರೆಯುತ್ತದೆ ಎಂಬುದನ್ನು 1983ರಲ್ಲಿ ತೋರಿಸಿದ್ದು ಅದೇ ಗ್ರಂಥಿಯ ಕೋಶಗಳಲ್ಲಿ.

ಪೊರೆಯಲ್ಲಿ ಉಳಿದ ಡೈಅಸೈಲ್‌ಗ್ಲಿಸರಾಲ್ ಸುಮ್ಮನೆ ಕೂರುವುದಿಲ್ಲ. ಅದು ರಾಸ್‌ಜಿಆರ್‌ಪಿ1 ಮತ್ತು ಪ್ರೋಟೀನ್ ಕೈನೇಸ್ ಸಿ-ಥೀಟಾ ಎಂಬ ಪ್ರೋಟೀನ್‌ಗಳನ್ನು ಪೊರೆಗೆ ಎಳೆದು ತಂದು, ಕೋಶ ವಿಭಜನೆಯ ಕಡೆಗೆ ಹೊರಳುವಂತೆ ಮಾಡುತ್ತದೆ. ಪ್ರಯೋಗಾಲಯಗಳಲ್ಲಿ ಟಿ ಕೋಶಗಳನ್ನು ಗ್ರಾಹಿಯ ಗೊಡವೆಯಿಲ್ಲದೆ ಎಚ್ಚರಿಸಲು ಬಳಸುವ ಪಿಎಂಎ ಎಂಬ ಫೋರ್ಬಾಲ್ ಎಸ್ಟರ್, ಡೈಅಸೈಲ್‌ಗ್ಲಿಸರಾಲ್‌ನ ವೇಷ ಹಾಕಿದ ಅಣು. ಜಾಪಾಳದ ಬೀಜದೆಣ್ಣೆಯಲ್ಲಿ ಸಿಗುವ ವಸ್ತು ಇದೇ. ವ್ಯತ್ಯಾಸವೆಂದರೆ ನಿಜವಾದ ಡೈಅಸೈಲ್‌ಗ್ಲಿಸರಾಲ್‌ಗೆ ಲಗಾಮು ಇದೆ, ಏಕೆಂದರೆ ಡೈಅಸೈಲ್‌ಗ್ಲಿಸರಾಲ್ ಕೈನೇಸ್‌ಗಳು ಅದನ್ನು ಬೇಗನೆ ಫಾಸ್ಫಟಿಡಿಕ್ ಆಮ್ಲವಾಗಿ ಮಾಡಿ ಸಂದೇಶವನ್ನು ಆರಿಸುತ್ತವೆ. ಗ್ರಾಹಿಯ ಸಂಕೇತದ ಜೊತೆಗೆ ಬೇಕಾದ ಎರಡನೆಯ ಸಂಕೇತ ಸಿಗದೆ ನಿಷ್ಕ್ರಿಯವಾಗಿಬಿಟ್ಟ ಟಿ ಕೋಶಗಳಲ್ಲಿ ಈ ಕೈನೇಸ್‌ಗಳ ಪ್ರಮಾಣ ಹೆಚ್ಚಿರುತ್ತದೆ. ಪಿಎಂಎಗೆ ಆ ಲಗಾಮು ತಾಗದ ಕಾರಣ ಅದರಿಂದ ಬರುವ ಪ್ರತಿಕ್ರಿಯೆ ಅಸಹಜವಾಗಿ ಬಲವಾಗಿರುತ್ತದೆ. ಪಿಎಂಎ ಹಾಕಿ ಪಡೆದ ಲಿಪಿಡ್ ಮಾಹಿತಿಯನ್ನು ಗ್ರಾಹಿಯ ಮೂಲಕ ಎಚ್ಚೆತ್ತ ಕೋಶಕ್ಕೆ ಅನ್ವಯಿಸುವ ಮುನ್ನ ಎರಡು ಬಾರಿ ಯೋಚಿಸಿ.

ಜಾಗ ಮತ್ತು ಆವೇಶದ ಮಾತನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಾದರೆ ಟಿ ಕೋಶದ ಗ್ರಾಹಿಯ ಬಾಲವನ್ನೇ ನೋಡಬೇಕು. ಗ್ರಾಹಿಯ ಜೊತೆಗಿರುವ ಸಿಡಿ3-ಎಪ್ಸಿಲಾನ್ ಪ್ರೋಟೀನಿನ ಒಳಬಾಲದಲ್ಲಿ ಧನಾವೇಶದ ಅಮೈನೋ ಆಮ್ಲಗಳು ಸಾಲಾಗಿವೆ. ಅದರಲ್ಲೇ ಎಲ್‌ಸಿಕೆ ಫಾಸ್ಫೇಟ್ ಅಂಟಿಸಬೇಕಾದ ಎರಡು ಟೈರೋಸಿನ್‌ಗಳೂ ಇವೆ. ವಿಶ್ರಾಂತ ಕೋಶದಲ್ಲಿ ಈ ಧನಾವೇಶದ ಬಾಲ ಒಳಪದರದ ಋಣಾವೇಶದ ಲಿಪಿಡ್‌ಗಳಿಗೆ ಅಂಟಿಕೊಂಡು ಮಲಗಿರುತ್ತದೆ, ಮತ್ತು ಆ ಎರಡು ಟೈರೋಸಿನ್‌ಗಳ ಪಕ್ಕಸರಪಳಿಗಳು ಪೊರೆಯ ಜಲವಿರೋಧಿ ಒಡಲಿನೊಳಗೆ ಹೂತುಹೋಗಿರುತ್ತವೆ ಎಂದು 2008ರಲ್ಲಿ ತೋರಿಸಲಾಯಿತು. ಎಲ್‌ಸಿಕೆ ಪಕ್ಕದಲ್ಲೇ ನಿಂತಿದ್ದರೂ ಟೈರೋಸಿನ್ ಅದರ ಕೈಗೆ ಸಿಗುವುದಿಲ್ಲ. ಅಂದರೆ ಸುಮ್ಮನಿರಬೇಕಾದ ಹೊತ್ತಿನಲ್ಲಿ ಗ್ರಾಹಿಯನ್ನು ಸುಮ್ಮನಿರಿಸುವ ಕೆಲಸದಲ್ಲಿ ಲಿಪಿಡ್‌ಗಳದೂ ಒಂದು ಕೈ ಇದೆ. ಗ್ರಾಹಿ ಎಚ್ಚೆತ್ತು ಮೊದಲ ಕಂತಿನ ಕ್ಯಾಲ್ಸಿಯಂ ಒಳಬಂದಾಗ, ಎರಡು ಧನಾವೇಶಗಳ ಆ ಅಯಾನುಗಳು ಲಿಪಿಡ್‌ಗಳ ಫಾಸ್ಫೇಟ್ ಗುಂಪುಗಳಿಗೆ ನೇರವಾಗಿ ಕಟ್ಟಿಕೊಂಡು ಅವುಗಳ ಋಣಾವೇಶವನ್ನು ತಗ್ಗಿಸುತ್ತವೆ. ಇನ್ನೂ ಅಂಟಿಕೊಂಡಿರುವ ನೆರೆಯ ಗ್ರಾಹಿಗಳ ಬಾಲಗಳು ಆಗ ಸಡಿಲವಾಗಿ ಕಳಚಿಕೊಳ್ಳುತ್ತವೆ, ಟೈರೋಸಿನ್‌ಗಳು ಬಯಲಿಗೆ ಬರುತ್ತವೆ, ಸಂದೇಶ ಇಮ್ಮಡಿಸುತ್ತದೆ. 2013ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಇಲ್ಲಿ ಯಾವ ಲಿಪಿಡ್ ಅಣುವೂ ಹೊಸದಾಗಿ ಹುಟ್ಟಿಲ್ಲ, ಯಾವುದೂ ಒಡೆದಿಲ್ಲ. ರಾಸಾಯನಿಕ ವಿಶ್ಲೇಷಣೆಯಲ್ಲಿ ಒಂದು ಅಂಕಿಯೂ ಅಲುಗದೆ ಪೊರೆಯ ನಡತೆ ಮಾತ್ರ ಬೇರೆಯಾಗಿದೆ.

ಪಿಪ್2 ಅಣುವಿಗೆ ಕತ್ತರಿಸಿಕೊಳ್ಳುವುದೊಂದೇ ಗತಿಯಲ್ಲ. ಪಿಐ3-ಕೈನೇಸ್ ಎಂಬ ಕಿಣ್ವ ಅದಕ್ಕೆ ಮೂರನೆಯ ಫಾಸ್ಫೇಟ್ ಸೇರಿಸಿ ಪಿಪ್3 ಮಾಡುತ್ತದೆ. ವಿಶ್ರಾಂತ ಕೋಶದಲ್ಲಿ ಬಹುತೇಕ ಇಲ್ಲವೆನ್ನುವಷ್ಟು ಕಡಿಮೆ ಇರುವ ಈ ಲಿಪಿಡ್ ಕೆಲವೇ ನಿಮಿಷಗಳಲ್ಲಿ ಏರಿ, ತನ್ನ ತಲೆಯನ್ನು ಗುರುತಿಸಬಲ್ಲ ಪ್ರೋಟೀನ್‌ಗಳಿಗೆ ಪೊರೆಯ ಮೇಲೆ ಕೂರಲು ಜಾಗ ಕೊಡುತ್ತದೆ. ಇದರ ಮಹತ್ವವನ್ನು ಒಂದು ರೋಗ ಎತ್ತಿ ತೋರಿಸುತ್ತದೆ. ಪ್ರತಿಕಾಯಗಳೇ ಇಲ್ಲದೆ ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಿದ್ದ ಬಾಲಕನೊಬ್ಬನ ಸ್ಥಿತಿಯನ್ನು 1952ರಲ್ಲಿ ಆಗ್ಡನ್ ಬ್ರೂಟನ್ ವಿವರಿಸಿದರು. ಅದಕ್ಕೆ ಕಾರಣವಾದ ಜೀನ್ ಬಿಟಿಕೆ ಎಂಬುದು 1993ರಲ್ಲಿ ತಿಳಿಯಿತು. ಪ್ರತಿಕಾಯ ತಯಾರಿಸುವ ಬಿ ಕೋಶಗಳ ಈ ಕೈನೇಸಿಗೆ ಪಿಪ್3 ಹಿಡಿಯುವ ಒಂದು ಭಾಗವಿದೆ. ಆ ಭಾಗದ 28ನೆಯ ಸ್ಥಾನದಲ್ಲಿರುವ ಅರ್ಜಿನಿನ್ ಒಂದೇ ಒಂದು ಬದಲಾಗಿ ಸಿಸ್ಟೀನ್ ಆದರೆ, ಕೈನೇಸ್ ಕೆಲಸ ಮಾಡುವ ಭಾಗ ಪೂರ್ತಿ ನೆಟ್ಟಗಿದ್ದರೂ ಪ್ರೋಟೀನ್ ಪೊರೆಯನ್ನು ಹಿಡಿದುಕೊಳ್ಳಲಾರದೆ ನಿರುಪಯೋಗಿಯಾಗುತ್ತದೆ. ಬಿ ಕೋಶಗಳು ಕೊರತೆಯಾಗುವ ಒಂದು ಇಲಿಯ ತಳಿಯಲ್ಲಿ ಇರುವುದು ಇದೇ ಬದಲಾವಣೆ. ಪಿಟೆನ್ ಮತ್ತು ಶಿಪ್1 ಎಂಬ ಫಾಸ್ಫಟೇಸ್‌ಗಳು ಪಿಪ್3ನ ಫಾಸ್ಫೇಟ್ ಕಿತ್ತು ಸಂದೇಶವನ್ನು ಇಳಿಸುತ್ತವೆ. ಇಳಿಸುವವರು ಸಾಕಷ್ಟಿಲ್ಲದಿದ್ದರೂ, ಪಿಐ3-ಕೈನೇಸ್ ಸದಾ ಉರಿಯುತ್ತಲೇ ಇದ್ದರೂ ರೋಗನಿರೋಧಕ ವ್ಯವಸ್ಥೆ ಹಳಿ ತಪ್ಪುತ್ತದೆ.

ಕೊಲೆಸ್ಟ್ರಾಲ್ ಮತ್ತು ‘ರಾಫ್ಟ್’ಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೊಲೆಸ್ಟ್ರಾಲ್ ಮತ್ತು ಸ್ಫಿಂಗೋಲಿಪಿಡ್‌ಗಳು ಗುಂಪುಗೂಡಿ ಪೊರೆಯಲ್ಲಿ ತೆಪ್ಪಗಳಂತೆ ತೇಲುತ್ತವೆ, ಕೆಲವು ಪ್ರೋಟೀನ್‌ಗಳನ್ನು ಹತ್ತಿಸಿಕೊಂಡು ಕೆಲವನ್ನು ಹೊರಗಿಡುತ್ತವೆ ಎಂಬ ಕಲ್ಪನೆಯನ್ನು 1997ರಲ್ಲಿ ಸೈಮನ್ಸ್ ಮತ್ತು ಇಕೋನೆನ್ ಮಂಡಿಸಿದ ಮೇಲೆ, ತಣ್ಣನೆಯ ಡಿಟರ್ಜೆಂಟಿನಲ್ಲಿ ಕರಗದೆ ಉಳಿದದ್ದೆಲ್ಲ ರಾಫ್ಟ್ ಎಂದು ಬರೆದ ಲೇಖನಗಳು ಲೆಕ್ಕವಿಲ್ಲದಷ್ಟು ಬಂದವು. ಡಿಟರ್ಜೆಂಟ್ ತಾನೇ ಲಿಪಿಡ್‌ಗಳನ್ನು ಒತ್ತಟ್ಟಿಗೆ ತರಬಲ್ಲದಾದ್ದರಿಂದ ಅಂಥ ಸಾಕ್ಷ್ಯವನ್ನು ನಾನು ಒಂದಿಷ್ಟು ಅನುಮಾನದಿಂದಲೇ ಓದುತ್ತೇನೆ. ಬಲವಾದ ಸಾಕ್ಷ್ಯ ಬೇರೆ ಎರಡು ಕಡೆಯಿಂದ ಬಂದಿದೆ. ಲಾರ್ಡಾನ್ ಎಂಬ ವರ್ಣದ್ರವ್ಯ ಬಿಗುವಾದ ಪೊರೆಯಲ್ಲಿ ಸುಮಾರು 440 ನ್ಯಾನೋಮೀಟರ್‌ನ ಬೆಳಕನ್ನೂ ಸಡಿಲವಾದ ಪೊರೆಯಲ್ಲಿ ಸುಮಾರು 490 ನ್ಯಾನೋಮೀಟರ್‌ನ ಬೆಳಕನ್ನೂ ಸೂಸುತ್ತದೆ. ಜೀವಂತ ಟಿ ಕೋಶದ ಮೇಲೆ ಅದನ್ನು ಬಳಸಿದಾಗ, ಪ್ರತಿಜನಕ ಸಿಕ್ಕ ಜಾಗದ ಪೊರೆ ಸುತ್ತಲಿನದಕ್ಕಿಂತ ಬಿಗುವಾಗುವುದು ಕಾಣುತ್ತದೆ. ಇನ್ನೊಂದು, ಪ್ರತಿಕಾಯ ಹಚ್ಚಿದ ಮಣಿಗಳಿಂದ ಗ್ರಾಹಿ ಇರುವ ಪೊರೆಯ ತುಣುಕನ್ನು ಮಾತ್ರ ಕಿತ್ತು ತೆಗೆದು ಅದರ ಲಿಪಿಡ್‌ಗಳನ್ನು ಅಳೆದ, 2009ರಲ್ಲಿ ಪ್ರಕಟವಾದ ಕೆಲಸ. ಅಲ್ಲಿ ಕೊಲೆಸ್ಟ್ರಾಲ್ ಮತ್ತು ಸ್ಫಿಂಗೋಮೈಲಿನ್ ಹೆಚ್ಚಾಗಿ ಸೇರಿದ್ದು ಕಂಡುಬಂತು. ನಿಮ್ಮ ತರಗತಿಯ ಪ್ರಯೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಲ್ಲಿ ಕೋಶವನ್ನು ಅಳೆದರು, ಇಲ್ಲಿ ತುಣುಕನ್ನು ಅಳೆದರು.

ಹಾಗೆಂದು ಕೊಲೆಸ್ಟ್ರಾಲ್ ಹೆಚ್ಚಾದಷ್ಟೂ ಸಂದೇಶ ಹೆಚ್ಚು ಎಂದು ತೀರ್ಮಾನಿಸಬೇಡಿ. ಅದೇ ಕೊಲೆಸ್ಟ್ರಾಲ್ ಟಿ ಕೋಶದ ಗ್ರಾಹಿಯ ಪೊರೆದಾಟುವ ಭಾಗಕ್ಕೆ ಅಂಟಿಕೊಂಡು ಅದನ್ನು ವಿಶ್ರಾಂತ ರೂಪದಲ್ಲೂ ಹಿಡಿದಿಡುತ್ತದೆ. ಅದರ ಬಂಧುವಾದ ಕೊಲೆಸ್ಟ್ರಾಲ್ ಸಲ್ಫೇಟ್ ಗ್ರಾಹಿಗಳು ಗುಂಪುಗೂಡುವುದನ್ನೇ ತಡೆಯುತ್ತದೆ. ಇನ್ನೊಂದು ಕಡೆ, ಕೊಲೆಸ್ಟ್ರಾಲನ್ನು ಎಸ್ಟರ್ ಮಾಡಿ ಹನಿಗಳಲ್ಲಿ ತುಂಬಿಡುವ ಎಕ್ಯಾಟ್1 ಕಿಣ್ವವನ್ನು ಇಲಿಗಳ ಸಿಡಿ8 ಎಂಬ, ಕೊಲ್ಲುವ ಬಗೆಯ ಟಿ ಕೋಶಗಳಲ್ಲಿ ತಡೆದಾಗ, ಹೊರಪೊರೆಯಲ್ಲಿ ಕೊಲೆಸ್ಟ್ರಾಲ್ ಏರಿ, ಗ್ರಾಹಿಗಳು ಚೆನ್ನಾಗಿ ಗುಂಪುಗೂಡಿ, ಆ ಕೋಶಗಳು ಗೆಡ್ಡೆಗಳ ವಿರುದ್ಧ ಹೆಚ್ಚು ಸಮರ್ಥವಾದವು ಎಂದು 2016ರಲ್ಲಿ ವರದಿಯಾಯಿತು. ಎರಡೂ ಮಾತು ನಿಜವಾಗಬಲ್ಲವು, ಏಕೆಂದರೆ ಒಂದು ಗ್ರಾಹಿಗೆ ನೇರವಾಗಿ ಅಂಟಿದ ಒಂದೆರಡು ಅಣುಗಳ ಕೆಲಸ, ಇನ್ನೊಂದು ಇಡೀ ಪೊರೆಯ ಹದದ ಕೆಲಸ.

ಕೊಲ್ಲುವ ಟಿ ಕೋಶಗಳಲ್ಲಿ ನಡೆಯುವುದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈ ಕೋಶ ಸೋಂಕು ತಗುಲಿದ ಕೋಶಕ್ಕೆ ಅಂಟಿಕೊಂಡಾಗ, ಎರಡೂ ಮುಟ್ಟುವ ಜಾಗದ ನಡುಭಾಗದಲ್ಲಿ ಪಿಪ್2 ತೆರವಾಗುತ್ತದೆ. ಪೊರೆಯಡಿಯ ಆಕ್ಟಿನ್ ಎಳೆಗಳ ಜಾಲವನ್ನು ಅಲ್ಲಿ ಕಟ್ಟಿ ನಿಲ್ಲಿಸುತ್ತಿದ್ದುದು ಪಿಪ್2 ಆದ್ದರಿಂದ, ಅದು ಸರಿದೊಡನೆ ಆಕ್ಟಿನ್ ಕೂಡ ಸರಿಯುತ್ತದೆ, ಜಾಲದ ನಡುವೆ ಕಿಂಡಿಯೊಂದು ತೆರೆಯುತ್ತದೆ. ಪರ್ಫೋರಿನ್ ತುಂಬಿದ ಕಣಗಳು ಆ ಕಿಂಡಿಯ ಮೂಲಕ ಪೊರೆಯನ್ನು ತಲುಪಿ ತಮ್ಮೊಳಗಿನದನ್ನು ಹೊರಸುರಿಯುತ್ತವೆ. ಪರ್ಫೋರಿನ್ ಎಂದರೆ ಪೊರೆಗಳಲ್ಲಿ ರಂಧ್ರ ಕೊರೆಯುವ ಪ್ರೋಟೀನ್. ಅದು ಸುರಿಯುವ ಸೀಳು ಜಾಗ ನ್ಯಾನೋಮೀಟರ್‌ಗಳ ಅಳತೆಯದು, ಅದರ ಒಂದು ಗೋಡೆ ಶತ್ರುವಿನದು, ಇನ್ನೊಂದು ಗೋಡೆ ತನ್ನದೇ. ಎದುರಿನದು ತೂತಾಗಿ ಸಾಯುತ್ತದೆ, ತಾನು ಮಾತ್ರ ಬದುಕುಳಿದು ಮುಂದಿನ ಗುರಿಯ ಕಡೆ ಹೋಗುತ್ತದೆ. ಇದು ಹೇಗೆ ಎಂಬ ಬಹುಕಾಲದ ಪ್ರಶ್ನೆಗೆ 2019ರಲ್ಲಿ ಬಂದ ಉತ್ತರ ಲಿಪಿಡ್‌ಗಳಲ್ಲಿತ್ತು. ಕೊಲ್ಲುವ ಕೋಶದ ಪೊರೆ, ಅದರಲ್ಲೂ ಆ ಸೀಳಿನ ಎದುರಿನ ಪೊರೆ, ಎಷ್ಟು ಬಿಗುವಾಗಿ ಜೋಡಣೆಗೊಂಡಿರುತ್ತದೆ ಎಂದರೆ ಪರ್ಫೋರಿನ್‌ಗೆ ಅಲ್ಲಿ ಕಾಲೂರಲು ಕಷ್ಟ. ಹಾಗೂ ಊರಿದ ಅಣುಗಳನ್ನು ಹೊರಪದರದಲ್ಲಿ ಬಯಲಾದ ಫಾಸ್ಫಟಿಡಿಲ್‌ಸೆರಿನ್ ಹಿಡಿದಿಟ್ಟುಕೊಂಡು, ಅವು ಸರಿಯಾಗಿ ಸೇರಿ ರಂಧ್ರ ಕಟ್ಟದಂತೆ ನಿಷ್ಫಲಗೊಳಿಸುತ್ತದೆ. ಬಿಗುವು ಮೊದಲ ಕಾವಲು, ಆವೇಶ ಎರಡನೆಯದು.

ಫಾಸ್ಫಟಿಡಿಲ್‌ಸೆರಿನ್ ಹೊರಗೆ ಬರುವುದೆಂದರೆ ಸಾವಿನ ಗುರುತು ಎಂದೇ ನಾವೆಲ್ಲ ಕಲಿತದ್ದು, ಮತ್ತು ಸಾಯುತ್ತಿರುವ ಕೋಶಗಳ ಮಟ್ಟಿಗೆ ಅದು ನಿಜವೂ ಹೌದು. ಭಕ್ಷಕ ಕೋಶಗಳು ಅವನ್ನು ನುಂಗಲು ನೋಡುವುದೇ ಆ ಗುರುತನ್ನು. ನಾನು ಸಂಶೋಧನೆಗೆ ಸೇರಿದ ಹೊಸತರಲ್ಲಿ, ಹಿಂದಿನ ದಿನ ಎಚ್ಚರಿಸಿಟ್ಟ ಟಿ ಕೋಶಗಳಿಗೆ, ಹೊರಬಂದ ಫಾಸ್ಫಟಿಡಿಲ್‌ಸೆರಿನ್‌ಗೆ ಅಂಟುವ ಹೊಳೆಯುವ ಗುರುತಾದ ಅನೆಕ್ಸಿನ್-5 ಹಚ್ಚಿ ನೋಡಿ, ಗಣನೀಯ ಭಾಗ ಹೊಳೆಯುತ್ತಿದ್ದುದರಿಂದ ಅವು ಸಾಯುತ್ತಿವೆ ಎಂದು ದಾಖಲಿಸಿ, ಇಡೀ ತಟ್ಟೆಯನ್ನು ಎಸೆಯಲು ಎತ್ತಿಟ್ಟಿದ್ದೆ. ಅಂದು ಎಸೆಯುವುದು ಮರೆತುಹೋಯಿತು. ಮರುದಿನ ನೋಡಿದರೆ ಆ ಕೋಶಗಳು ಗೊಂಚಲುಗೊಂಚಲಾಗಿ ಬೆಳೆದು ದ್ರಾವಣದ ಬಣ್ಣವನ್ನೇ ಹಳದಿಗೆ ತಿರುಗಿಸಿದ್ದವು. ಕ್ಯಾಲ್ಸಿಯಂ ಏರಿದಾಗ ಎರಡೂ ಪದರಗಳ ಲಿಪಿಡ್‌ಗಳನ್ನು ಬೆರೆಸಿಬಿಡುವ ಟಿಎಂಇಎಂ16ಎಫ್ ಎಂಬ ಸ್ಕ್ರಾಂಬ್ಲೇಸ್ 2010ರಲ್ಲಿ ಗುರುತಿಗೆ ಬಂತು. ಆ ಜೀನ್ ಕೆಟ್ಟರೆ ಬರುವ ಸ್ಕಾಟ್ ಸಿಂಡ್ರೋಮ್‌ನಲ್ಲಿ ಪ್ಲೇಟ್‌ಲೆಟ್‌ಗಳು ಫಾಸ್ಫಟಿಡಿಲ್‌ಸೆರಿನ್ ಹೊರಹಾಕಲಾರದೆ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ. ಎಚ್ಚೆತ್ತ ಟಿ ಕೋಶದಲ್ಲಿ, ಕಣಗಳನ್ನು ಹೊರಸುರಿಯುತ್ತಿರುವ ಮಾಸ್ಟ್ ಕೋಶದಲ್ಲಿ ಫಾಸ್ಫಟಿಡಿಲ್‌ಸೆರಿನ್ ಹೊರಬಂದು ಮತ್ತೆ ಒಳಸೇರಬಲ್ಲದು. ಸಾಯುವ ಕೋಶದಲ್ಲಾದರೋ ಕೋಶದ ಸಾವನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳು ಒಳಕ್ಕೆ ತಿರುಗಿಸುವ ಫ್ಲಿಪ್ಪೇಸನ್ನೇ ಕತ್ತರಿಸಿಬಿಡುವುದರಿಂದ ಅದಕ್ಕೆ ಹಿಂದಿರುಗುವ ದಾರಿ ಇರುವುದಿಲ್ಲ. ಅನೆಕ್ಸಿನ್-5 ಒಂದನ್ನೇ ನಂಬದೆ, ಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುವ ವರ್ಣದ್ರವ್ಯವನ್ನೂ ಕ್ಯಾಸ್ಪೇಸ್ ಪರೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ.

ಇನ್ನು ನಿಧಾನದ ಬದಲಾವಣೆಗಳು. ವಿಶ್ರಾಂತ ಲಿಂಫೋಸೈಟ್ 7 ಮೈಕ್ರೋಮೀಟರ್ ಅಡ್ಡಳತೆಯ ಗೋಳ, ಒಂದು ದಿನ ಕಳೆದ ಮೇಲೆ ಅದು 12 ಮೈಕ್ರೋಮೀಟರ್ ಆಯಿತು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೇಲ್ಮೈ ಸುಮಾರು ಮೂರು ಪಟ್ಟಾಗಬೇಕು. ಲಿಪಿಡ್ ಹಾಳೆ ಹರಿಯದೆ ಹಿಗ್ಗಬಲ್ಲದ್ದು ನೂರಕ್ಕೆ ಕೆಲವೇ ಪಾಲು. ಮೈಮೇಲಿನ ಸುಕ್ಕು ಮತ್ತು ಸೂಕ್ಷ್ಮ ಬೆರಳುಗಳನ್ನು ಬಿಡಿಸಿಕೊಂಡು ಸ್ವಲ್ಪ ಹೊತ್ತು ಸುಧಾರಿಸಬಹುದು, ಆಮೇಲೆ ಹೊಸ ಲಿಪಿಡ್ ಬೇಕೇ ಬೇಕು. ಇಲ್ಲಿ ಪಿಪ್3 ಮತ್ತೆ ಬರುತ್ತದೆ. ಅದು ಎಚ್ಚರಿಸಿದ ಎಕೆಟಿ ಕೈನೇಸ್, ಬೆಳವಣಿಗೆಯನ್ನು ನಿಯಂತ್ರಿಸುವ ಎಂಟಾರ್ ಎಂಬ ಇನ್ನೊಂದು ಕೈನೇಸಿನ ಮೂಲಕ ಎಸ್‌ಆರ್‌ಇಬಿಪಿ ಎಂಬ ಪ್ರೋಟೀನ್‌ಗಳನ್ನು ಎಬ್ಬಿಸುತ್ತದೆ, ಅವು ಕೊಬ್ಬಿನಾಮ್ಲ ಮತ್ತು ಕೊಲೆಸ್ಟ್ರಾಲ್ ತಯಾರಿಸುವ ಜೀನ್‌ಗಳನ್ನು ಹೊತ್ತಿಸುತ್ತವೆ. ಈ ಪ್ರೋಟೀನ್‌ಗಳಿಲ್ಲದ ಸಿಡಿ8 ಕೋಶಗಳು ಸಂದೇಶವನ್ನು ಸ್ವೀಕರಿಸಿಯೂ ಬೆಳೆಯಲಾರದೆ ನಿಂತುಬಿಡುತ್ತವೆ, ಹೊರಗಿನಿಂದ ಕೊಲೆಸ್ಟ್ರಾಲ್ ಕೊಟ್ಟರೆ ಚೇತರಿಸಿಕೊಳ್ಳುತ್ತವೆ ಎಂಬುದು 2013ರಲ್ಲಿ ತಿಳಿದುಬಂತು. ನಿಮಿಷಗಳಲ್ಲಿ ಏರುವ ಪಿಪ್3 ದಿನಗಟ್ಟಲೆ ನಡೆಯುವ ಲಿಪಿಡ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಬಿ ಕೋಶ ಪ್ರತಿಕಾಯ ಕಾರ್ಖಾನೆಯಾಗುವಾಗ ಹಿಗ್ಗುವುದು ಹೊರಪೊರೆಗಿಂತ ಹೆಚ್ಚಾಗಿ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್, ಅದಕ್ಕೆ ಬೇಕಾದ ಫಾಸ್ಫಟಿಡಿಲ್‌ಕೋಲಿನ್ ತಯಾರಿಕೆಯನ್ನು ಎಕ್ಸ್‌ಬಿಪಿ1 ಎಂಬ, ಜೀನ್‌ಗಳನ್ನು ಹೊತ್ತಿಸುವ ಪ್ರೋಟೀನ್ ಹೆಚ್ಚಿಸುತ್ತದೆ. ನಿಮ್ಮ ಒಟ್ಟು ಅಳತೆಯ ಪ್ರಯೋಗವನ್ನು ಐದು ನಿಮಿಷಕ್ಕೆ ಬದಲು 24 ಅಥವಾ 48 ಗಂಟೆಗೆ ಮಾಡಿದ್ದರೆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಬೇರೆ ಕೋಶಗಳ ಬಗ್ಗೆ ಕೇಳಿದ್ದೀರಿ. ಪಿಪ್2, ಪಿಪ್3, ಕ್ಯಾಲ್ಸಿಯಂ ಇವುಗಳ ಆಟ ಎಲ್ಲೆಡೆ ಇದೆ, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಲ್ಲಿ ಅದರ ರೂಪ ಬೇರೆ. ಅವು ಸೂಕ್ಷ್ಮಾಣುವನ್ನು ನುಂಗುವಾಗ ಬಟ್ಟಲಿನಂತೆ ಬಾಗುವ ಪೊರೆಯಲ್ಲಿ ಮೊದಲು ಪಿಪ್2, ಅದರ ಬೆನ್ನಿಗೆ ಪಿಪ್3, ಬಾಯಿ ಮುಚ್ಚಿಕೊಂಡ ಮೇಲೆ ಒಂದೇ ಹೆಚ್ಚುವರಿ ಫಾಸ್ಫೇಟ್ ಇರುವ ಪಿಐ3ಪಿ ಎಂಬ ಇನೊಸಿಟಾಲ್ ಲಿಪಿಡ್ ಕಾಣಿಸಿಕೊಂಡು, ನುಂಗಿದ ಚೀಲ ಯಾವ ಹಂತದಲ್ಲಿದೆ ಎಂಬುದನ್ನು ಉಳಿದ ಪ್ರೋಟೀನ್‌ಗಳಿಗೆ ತಿಳಿಸುತ್ತವೆ. ಫಾಸ್ಫೋಲೈಪೇಸ್ ಎ2 ಕಿಣ್ವ ಕ್ಯಾಲ್ಸಿಯಂ ಸಿಕ್ಕೊಡನೆ ಒಳಪೊರೆಗಳ ಮೇಲೆ ಕೂತು, ಫಾಸ್ಫೋಲಿಪಿಡ್‌ಗಳಿಂದ 20 ಕಾರ್ಬನ್‌ಗಳ, ನಾಲ್ಕು ಜೋಡಿಬಂಧಗಳ ಅರಾಕಿಡೋನಿಕ್ ಆಮ್ಲವನ್ನು ಬಿಡಿಸಿ ತೆಗೆಯುತ್ತದೆ. ಪ್ರೋಸ್ಟಗ್ಲಾಂಡಿನ್‌ಗಳೂ ಲ್ಯೂಕೋಟ್ರೈಯೀನ್‌ಗಳೂ ಹುಟ್ಟುವುದು ಅದರಿಂದಲೇ. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಬಾಲ ಕಳೆದುಕೊಂಡ ಫಾಸ್ಫೋಲಿಪಿಡ್‌ಗೆ ಇನ್ನೊಂದು ಕೊಬ್ಬಿನಾಮ್ಲ ಜೋಡಿಸುವ ವ್ಯವಸ್ಥೆ, 1958ರಲ್ಲಿ ಲ್ಯಾಂಡ್ಸ್ ವಿವರಿಸಿದ ಚಕ್ರ, ಪಕ್ಕದಲ್ಲೇ ನಡೆಯುತ್ತಿರುತ್ತದೆ. ಇಂಟರ್‌ಫೆರಾನ್ ಸಂದೇಶ ಸಿಕ್ಕ ಮ್ಯಾಕ್ರೊಫೇಜ್ 25-ಹೈಡ್ರಾಕ್ಸಿಕೊಲೆಸ್ಟ್ರಾಲ್ ತಯಾರಿಸಿ, ಹೊರಪೊರೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಕೊಲೆಸ್ಟ್ರಾಲನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಕೊಲೆಸ್ಟ್ರಾಲಿಗೆ ಅಂಟಿ ರಂಧ್ರ ಕೊರೆಯುವ ಬ್ಯಾಕ್ಟೀರಿಯದ ವಿಷಗಳಿಗೆ ಆಗ ಹಿಡಿಯಲು ಏನೂ ಸಿಗುವುದಿಲ್ಲ.

ಕಡೆಯ ಪ್ರಶ್ನೆ, ತಿನ್ನುವ ಕೊಬ್ಬಿನದು. ಲಿಪಿಡ್‌ನ ತಲೆಯನ್ನು ಕೋಶ ತಾನೇ ನಿರ್ಧರಿಸುತ್ತದೆ, ಬಾಲದ ವಿಷಯದಲ್ಲಿ ಮಾತ್ರ ಆಹಾರದ ಮಾತನ್ನು ಒಂದಷ್ಟು ಕೇಳುತ್ತದೆ. ಯಾವ ಪದರದಲ್ಲಿ ಎಷ್ಟು ಋಣಾವೇಶವಿರಬೇಕು, ಪಿಪ್2 ಎಷ್ಟಿರಬೇಕು, ಪೊರೆಯಲ್ಲಿ ಕೊಲೆಸ್ಟ್ರಾಲ್ ಎಷ್ಟಿರಬೇಕು ಎಂಬುದರ ಮೇಲೆ ಕೋಶದ ಹಿಡಿತ ಬಿಗಿ, ಆದ್ದರಿಂದ ರಕ್ತಪರೀಕ್ಷೆಯ ಕೊಲೆಸ್ಟ್ರಾಲ್ ಅಂಕಿಯನ್ನು ನೋಡಿ ಟಿ ಕೋಶದ ಪೊರೆಯ ಸ್ಥಿತಿಯನ್ನು ಹೇಳಲಾಗದು. ಬಾಲಗಳ ಮಾತು ಹಾಗಲ್ಲ. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೆಲವು ವಾರ ಸೇವಿಸಿದರೆ ಅವು ರಕ್ತದ ಬಿಳಿಕೋಶಗಳ ಫಾಸ್ಫೋಲಿಪಿಡ್‌ಗಳಲ್ಲಿ ಅರಾಕಿಡೋನಿಕ್ ಆಮ್ಲದ ಸ್ಥಾನವನ್ನು ಭಾಗಶಃ ಹಿಡಿಯುತ್ತವೆ, ಪ್ರೋಸ್ಟಗ್ಲಾಂಡಿನ್‌ಗಳ ಮಿಶ್ರಣವೂ ಅದಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬ ಜಾಹೀರಾತಿನ ಭಾಷೆಗೆ ಮಾತ್ರ ಇಲ್ಲಿ ಆಧಾರವಿಲ್ಲ. ನಿಮ್ಮಂಥ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿದೆ. ದೇಹದೊಳಗಿನ ಕೋಶಗಳಲ್ಲಿ ಇನೊಸಿಟಾಲ್ ಲಿಪಿಡ್‌ಗಳ ಬಾಲ ಬಹುಪಾಲು ಸ್ಟಿಯರಿಕ್ ಮತ್ತು ಅರಾಕಿಡೋನಿಕ್ ಆಮ್ಲಗಳ ಜೋಡಿ. ಬಾಟಲಿಯಲ್ಲಿ ಬಹುಕಾಲ ಬೆಳೆಸಿದ ಕೋಶಗಳಿಗೆ ದ್ರಾವಣದ ಸೀರಮ್ಮೇ ಆಹಾರ, ಅದರಲ್ಲಿ ಅರಾಕಿಡೋನಿಕ್ ಆಮ್ಲ ಕಡಿಮೆ, ಹಾಗಾಗಿ ಅವುಗಳಲ್ಲಿ ಈ ಜೋಡಿಯ ಪಾಲು ಇಳಿದಿರುತ್ತದೆ. ತರಗತಿಯಲ್ಲಿ ಅಳೆದದ್ದು ಆಗಷ್ಟೇ ರಕ್ತದಿಂದ ಬೇರ್ಪಡಿಸಿದ ಟಿ ಕೋಶಗಳನ್ನೋ, ವರ್ಷಗಳಿಂದ ಬಾಟಲಿಯಲ್ಲಿ ಬೆಳೆಯುತ್ತಿರುವ ಕೋಶತಳಿಯನ್ನೋ ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಿ.